ವೇಬಿಲ್

ಜಮಖಂಡಿ–ವಿಜಯಪುರ, ದಿನಕ್ಕ ನಾಕು ಸಿಂಗಲ್.
ಚಿಕ್ಕಲಕಿ ಕ್ರಾಸಿಗೆ ಬರೂದ್ರಾಗ ಎಂಟಾಗತೈತಿ.
ಚೀಲ ಎದಿಗವಚಿ, ಒಂದು ಕೈಲೆ ಕಂಬಿ ಹಿಡದು
ಇನ್ನೊಂದು ಕೈಲೆ ಮನಿಗೆ ಫೋನ್ ಹಚ್ಚತೀನಿ:
‘ನುಂಗಿದೇನವಾ?’
‘ಹ್ಞೂಂ.’
ಅಷ್ಟ. ಹಿಂದಿನ ಸೀಟಿನಾಂವ ಚಿಲ್ಲರ ಕೇಳತಿರತಾನ.

ಮುಂಜಾನೆ ಕಹಿದೊಂದು, ಬಿ.ಪಿ.ದು ಅರ್ಧ.
ಊಟದ ನಡುವ ಅಗಿಯೂದು, ಬಾಯ್ತುಂಬ ಸುಣ್ಣ,
ಸಾಲಿಯೊಳಗೂ ಒಂದು, ಡಬ್ಬಿ ತೆರದ ಮ್ಯಾಲೆ.
ರಾತ್ರಿ ಎಂಟಕ್ಕ ಸೋಡಾದ್ದು ಎರಡು.
ನೀರು ಸೈತ ಅಳತಿ ಮ್ಯಾಲೆ,
ಸ್ಟೀಲ್ ಲೋಟದಾಗ ಅವರವ್ವ ಮೊಳಿಲೆ ಕೊರದ ಗೀರಿನ ತನಕ.
ಹನ್ನೊಂದು ವರ್ಷದಾಕಿ, ದಾನೇಶ್ವರಿ.
ಮೂರನೇತ್ತಾ ಇದ್ದಾಗಿಂದ ಕಿಡ್ನಿ ಸೋರತಾವು.

ಈ ಸಲ ರಕ್ತದ ಚೀಟಿ ನೋಡಿ
ಡಾಕ್ಟರಮ್ಮ ಕನ್ನಡಕ ತಗದು ಮೇಜಿನ ಮ್ಯಾಲಿಟ್ರು.
ಕ್ರಿಯಾಟಿನಿನ್ ಮೂರರ ಹತ್ರ.
‘ಗುಳಗಿ ತಪ್ಪಿಲ್ಲ, ಹೌದಲ್ಲೊ?’
‘ಇಲ್ರೀ’ ಅಂದೆ.
‘ಇಲ್ರೀ’ ಅಂದಳು.
ಎರಡೂ ಒಮ್ಮೆಲೆ ಬಂದ್ವು.
ಟಿಕೆಟ್ ತಗಸಲಾರದಾಂವ ಕಿಟಕಿ ಕಡೆ ನೋಡಿದಂಗ
ಇಬ್ಬರೂ ಗ್ವಾಡಿ ಮ್ಯಾಗಿನ ಚಿತ್ರ ನೋಡಿದ್ವಿ.

ಹಬ್ಬಕ್ಕ ಮನಿ ಸಾರಸಾಗ ಮಂಚ ಸರಿಸಿದರ
ಕಬ್ಬಿಣದ ಕಾಲೊಳಗ ಗಲಗಲ.
ರಬ್ಬರ್ ಬುಚ್ಚು ಕಿತ್ತು ಬೋರಲ ಹಾಕಿದೆ.
ಇಪ್ಪತ್ತೇಳು.
ಕೆಲವು ಬೆವತು ಒಂದಕ್ಕೊಂದು ಅಂಟಿದ್ವು,
ಒಂದಕ್ಕ ಹಲ್ಲಿನ ಗುರ್ತು.

ಚೆಕಿಂಗ್‌ನವರು ನನ್ನ ಚೀಲ ಸುರವಿ ಹೆಂಗ ಕೇಳತಾರ,
ಹಂಗ ಕೇಳಬೇಕಂತ ಬಾಯಿ ತೆರದೆ.
ಆಕಿನ ಮೊದಲ ಅಂದಳು:
‘ಕಹಿದು ನುಂಗಿದ್ರ ಮಾರಿ ಬಾವತೈತಪ್ಪಾ.
ಸಾಲಿ ಫೋಟೋದಾಗ ಲಾಡು ಕಚ್ಚಿಕೊಂಡಂಗ ಅದೀನಿ.
ಮಧ್ಯಾಹ್ನದ್ದು ಹೊರಗ ತಗದರ
ರಕ್ಷಿತಾ ತನ್ನ ತಾಟು ಅತ್ತಾಗ ಸರಿಸತಾಳ.
ಮತ್ತ
ನೀ ಹ್ಞೂಂ ಅನ್ನೂದೊಂದು ಕೇಳಿ ಫೋನ್ ಇಟ್ಟಬಿಡತಿ.’

ನನ್ನ ಚೀಲದ ತಳದಾಗೂ ಒಂದು ಲೆಕ್ಕ ಇತ್ತು.
ಪಗಾರ ತಡಾ ಆದ ತಿಂಗಳು
ಇಪ್ಪತ್ತು ದಿನದ್ದನ್ನ ಮೂವತ್ತಕ್ಕ ಎಳದೆ.
ಎರಡಿದ್ದದ್ದು ಒಂದು, ಒಂದಿದ್ದದ್ದು ಅರ್ಧ,
ಉಗುರಿಲೆ ಮುರದು ಅಂಗೈಗಿಟ್ಟು
‘ಡಾಕ್ಟರ್ ಕಡಿಮಿ ಮಾಡ್ಯಾರ’ ಅಂದೆ.
ಆವತ್ತು ಅಂಗಳದಾಗ ಕುಣದಿದ್ದಳು.

ಹೇಳಿದೆ. ಹೇಳಬಾರದಿತ್ತೇನೋ, ಹೇಳಿದೆ.
ಆಕಿ ಅಳಲಿಲ್ಲ. ಹಳೇ ವೇಬಿಲ್ಲಿನ ಬೆನ್ನಿಗೆ
ಪೆನ್ಸಿಲ್‌ಲೆ ಗೆರಿ ಎಳದು ಬರದಳು:
ನನ್ನವು 27. ಅಪ್ಪಂದು 19½.
‘ಆ ಅರ್ಧ ಎಲ್ಲಿಂದ ಬಂತು?’
‘ಒಂದು ಕೈಜಾರಿ ಬಚ್ಚಲಕ್ಕ ಬಿತ್ತವಾ.’
‘ಹಂಗಾರ ಅದನ್ನ ಬಚ್ಚಲದ ಲೆಕ್ಕಕ್ಕ ಹಾಕೂಣು.’

ಗುಳಗಿ, ಚೀಟಿ ಎರಡೂ ಡಾಕ್ಟರಮ್ಮನ ಮುಂದಿಟ್ವಿ.
ಬೈಲಿಲ್ಲ ಅವರು. ಬೈದಿದ್ರ ಹಗರ ಆಗತಿತ್ತು.
‘ಕಡಿಮಿ ರೊಕ್ಕದ್ದು ಇದರಾಗ ಸಿಗತೈತಿ, ಕೇಳಬೇಕಿಲ್ಲೇನು?’
ಅಂದು ಹೊಸಾ ಹೆಸರು ಬರದುಕೊಟ್ರು.
ಹದಿನೆಂಟು ವರ್ಷ ಬಾಕಿ ಚಿಲ್ಲರ ಕೇಳಲಾರದ ಇಳದಹೋದ ಮಂದಿ
ಎಷ್ಟೋ ನೋಡೀನಿ. ಅವರಾಗ ನಾನೂ ಒಬ್ಬ.

ತಿರುಗಿ ಬರಾಗ ಆಕಿಗೊಂದು ಅರ್ಧ ಟಿಕೆಟ್.
ಚಿಕ್ಕಪಡಸಲಗಿ ಸೇತುವಿ ಮ್ಯಾಲೆ, ಕೆಳಗ ಕೃಷ್ಣಿ,
ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.
‘ಅಪ್ಪಾ, ಇದರದು ಲಾಸ್ಟ್ ಸ್ಟಾಪ್ ಯಾವುದು?’
‘ಜಮಖಂಡಿ.’
‘ಬಸ್ಸಿಂದಲ್ಲ.’

ಊರ ಹೆಸರು ಒದರಿ ಒದರಿ ಒಡದ ದನಿ ನಂದು.
ಆ ಒಂದು ಹೆಸರು ಬರಲಿಲ್ಲ.
ಮುಂದಿಂದಷ್ಟ ಹೇಳಿದೆ: ‘ರಾತ್ರಿ ಎಂಟಕ್ಕ, ಸೋಡಾದ್ದು.’

ಈಗೂ ಚಿಕ್ಕಲಕಿ ಕ್ರಾಸಿನಾಗ ಫೋನ್ ಹಚ್ಚತೀನಿ.
ಒಮ್ಮೊಮ್ಮೆ ‘ಇನ್ನೂ ಇಲ್ಲ’ ಅಂತಾಳ.
ಸೀಟಿ ಬಾಯಾಗ ಇಟಗೊಂಡು ಊದಲಾರದ ನಿಂದರತೀನಿ.
ಲೋಟದ ಸಪ್ಪಳ ಬರಲಿ ಅಂತ.
ಡ್ರೈವರ್ ಕನ್ನಡಿಯಾಗ ನೋಡತಾನ,
ತಡಾ ಆತು ಅಂತ ಯಾರೋ ಒದರತಾರ,
ಬಸ್ಸು ನಿಂತ ಇರತೈತಿ.