ಬಡಗಣ ಕಿಟಕಿ

ಬಿಸಿಲು ಬೇಡ ಅದಕ್ಕೆ.
ಬೆಳಕು ಬೇಕು. ಎರಡೂ ಒಂದೇ ಅಲ್ಲ ಅಂತ
ಮೂವತ್ತು ವರ್ಷ ಮುಖಗಳ ಕಡೆ ದೀಪ ತಿರುಗಿಸಿದ ನನಗೆ
ಒಂದು ಎಲೆ ಬಂದು ಹೇಳಬೇಕಾಯಿತು.

ಎಲೆ ತಂದವಳು ದ್ಯಾವಮ್ಮ, ಆಗುಂಬೆ ಕಡೆಯವಳು.
ತೀರ್ಥಹಳ್ಳಿಯ ನನ್ನ ಸ್ಟುಡಿಯೋದ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು
ಸ್ಟೂಲಿನ ತುದಿಗೆ ಕೂತು ಉಸಿರು ಹಿಡಿದಳು.
ಪಿಂಚಣಿ ಅರ್ಜಿಗೆ ಮೂರು ಪ್ರತಿ.
"ಉಸಿರು ಬಿಡಿ" ಅಂದೆ.
ಬಿಡುವಾಗ ಕಣ್ಣು ಮುಚ್ಚಿದಳು.

ನಾಕು ರೂಪಾಯಿ ಕಮ್ಮಿ ಬಿತ್ತು. ಸೆರಗಿನ ಗಂಟು ಖಾಲಿ.
ಚೀಲಕ್ಕೆ ಕೈ ಹಾಕಿ, ಬಾಳೆಪಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿದಳು:
ಒಂದೇ ಒಂದು ಓರೆ ಎಲೆ,
ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು,
ಮೇಲೆ ಬೆಳ್ಳಿ ಚೆಲ್ಲಿದ ಹಾಗೆ, ಮಗುಚಿದರೆ ಕೆಂಪು.
"ಕಲ್ಲುಸಂದಿಯದು. ನರ ಕೊಯ್ದು ಮರಳಿಗೆ ಅಂಟಿಸಿ.
ಬರ್ತದೆ."

ಬೇರಿಲ್ಲ, ಬೀಜವಿಲ್ಲ, ಬರುವುದೇನು ಮಣ್ಣು?
ಆದರೂ ಆ ರಾತ್ರಿ ನೆಗೆಟಿವ್ ಕೆರೆಯುವ ಬ್ಲೇಡಿನಲ್ಲೇ
ಎಲೆಯ ಬೆನ್ನಿನ ನರ ನಾಲ್ಕು ಕಡೆ ಗೀರಿದೆ.
ಹಳೇ ಡೆವಲಪರ್ ಟ್ರೇ ತೊಳೆದು, ತುಂಗೆಯ ಮರಳು ಹಾಸಿ
ಬೆನ್ನು ತಾಗುವಂತೆ ಮಲಗಿಸಿ, ಗಾಜು ಮುಚ್ಚಿದೆ.
ಮೂರು ವಾರ ಏನಿಲ್ಲ.
ಆಮೇಲೆ, ಕೆಂಪು ದೀಪದಡಿ ಕಾಗದದಲ್ಲಿ
ಮೊದಲು ಹುಬ್ಬು, ಮತ್ತೆ ಮೀಸೆ ಮೂಡುತ್ತಲ್ಲ, ಹಾಗೆ
ಒಂದೊಂದು ಗಾಯದ ಬಾಯಲ್ಲೂ ಒಂದೊಂದು ಮೊಳಕೆ.
"ಸಾರ್, ಎಲೆ ಮರಿ ಹಾಕಿದೆ!"
ಇಲಿಯಾಸ ಕೂಗಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು.

ಖುಷಿಗೆ ಬುದ್ಧಿ ಕಮ್ಮಿ. ಶೋಕೇಸಿನಲ್ಲಿಟ್ಟೆ,
ಮದುಮಕ್ಕಳ ಫೋಟೋಗಳ ನಡುವೆ, ಐನೂರು ವ್ಯಾಟಿನ ಕೆಳಗೆ.
ಎರಡು ದಿನಕ್ಕೆ ಅಂಚೆಲ್ಲ ಸುಟ್ಟ ಹಪ್ಪಳ.
ಗಾಬರಿಗೆ ನೀರು ಹೊಯ್ದೆ, ಮತ್ತೂ ಹೊಯ್ದೆ.
ಕೊಳೆತು ಮೂರು ಹೋದವು.

ಉಳಿದ ಒಂದನ್ನು ಹಿಂದಿನ ಕೋಣೆಗೆ ಒಯ್ದು
ಬಡಗಣ ಕಿಟಕಿಯಲ್ಲಿಟ್ಟೆ.
ಅಲ್ಲಿಗೆ ಸೂರ್ಯ ಬರುವುದಿಲ್ಲ, ಅವನ ಸುದ್ದಿ ಬರುತ್ತದೆ,
ಪಕ್ಕದ ಗೋಡೆಗೆ ತಾಗಿ, ಮೈಗೆ ಸುಣ್ಣ ಸವರಿಕೊಂಡು.
ಕರೆಂಟು ಕೈಕೊಟ್ಟ ದಿನಗಳಲ್ಲಿ
ನಾನು ಮುಖಗಳನ್ನು ಕೂರಿಸುತ್ತಿದ್ದುದೂ ಅಲ್ಲೇ.
ಹೊಳೆಯದೆ ಚಂದ ಕಾಣುವವರೆಲ್ಲ
ಆ ಕಿಟಕಿಯವರು.

ಈಗ ಅದರ ಸ್ವಭಾವ ಗೊತ್ತು.
ಎಲೆಗೆ ನೀರು ಸೋಕಿಸಬೇಡ, ತಟ್ಟೆಯಿಂದ ಕುಡಿಯಲಿ.
ಕೊಳೆತ ದರಗು, ಒಂದು ಹಿಡಿ ಇದ್ದಿಲ ಚೂರು, ಸಡಿಲ ಮಣ್ಣು.
ಬೆರಳು ಚುಚ್ಚಿ ನೋಡು. ತಂಪಿದ್ದರೆ ಸುಮ್ಮನಿರು.
ಮಾಘಕ್ಕೆ ಎಲೆ ಒಂದೊಂದೇ ಕಳಚಿ
ಕುಂಡದಲ್ಲಿ ಬರೀ ಮಣ್ಣು.
ಮೊದಲ ವರ್ಷ ಸತ್ತಿತೆಂದು ಇಲಿಯಾಸ ತಿಪ್ಪೆಗೆ ಒಯ್ದಿದ್ದ.
ಓಡಿಹೋಗಿ ತಂದೆ, ಕೆದಕಿದೆ:
ಕಡಲೆಕಾಳಿಗಿಂತ ತುಸು ದಪ್ಪದ ಗೆಡ್ಡೆ, ಗಟ್ಟಿಯಾಗಿತ್ತು.
ಆ ಮೂರು ತಿಂಗಳು ಅದಕ್ಕೆ ನೀರೂ ಬೇಡ, ನಾವೂ ಬೇಡ.
ಆರೈಕೆಯಲ್ಲಿ ನನಗೆ ಇವತ್ತಿಗೂ ಬರದಿರುವ ಭಾಗ ಅದು.

ಫೋಟೋ ಒಯ್ಯಲು ದ್ಯಾವಮ್ಮ ಬರಲಿಲ್ಲ.
ಕಣ್ಣು ಮುಚ್ಚಿದ್ದು ಅರ್ಜಿಗೆ ನಡೆಯುವುದಿಲ್ಲ,
ಇನ್ನೊಮ್ಮೆ ಕೂರಿಸಬೇಕಿತ್ತು.
ಹದಿನಾರು ಮಳೆಗಾಲ ಹೋದವು. ಕತ್ತಲೆಕೋಣೆಯಲ್ಲಿ ಈಗ
ಇಲಿಯಾಸನ ಜೆರಾಕ್ಸ್ ಯಂತ್ರ.
ಲಕೋಟೆ ನನ್ನ ಮೇಜಿನಲ್ಲಿದೆ. 'ಬಾಕಿ ನಾಕು ರೂಪಾಯಿ'
ಅಂತ ಬರೆದದ್ದರ ಮೇಲೆ ಎಂದೋ ಗೀಟು ಎಳೆದಿದ್ದೇನೆ.
ಎಲೆ ಕೇಳಿದವರಿಗೆ ಕೊಡುತ್ತೇನೆ, ಜೊತೆಗೊಂದು ಬ್ಲೇಡು.
ನರ್ಸರಿಯವನು ಬಿಗೋನಿಯಾ ಅಂದ. ಇರಬಹುದು.

ಈ ವರ್ಷ ಇನ್ನೂ ಬರೀ ಮಣ್ಣು.
ನಿನ್ನೆ ಸಂಜೆ, ನಮ್ಮಲ್ಲಿ ಧೂಳು ಏಳುತ್ತಿದ್ದಾಗ
ಆಗುಂಬೆ ಬಸ್ಸು ಮೈಯೆಲ್ಲ ಒದ್ದೆಯಾಗಿ ಬಂದು ನಿಂತಿತು.
ಇಳಿದವರನ್ನು ನೋಡಿದೆ, ಅಭ್ಯಾಸ.
ಒಳಗೆ ಬಂದು
ತಟ್ಟೆಗೆ ಅರ್ಧ ಲೋಟ ನೀರು ಹಾಕಿದೆ.