೩೦೪ರ ದೂರು

ದೂರು ಪುಸ್ತಕದಲ್ಲಿ ಮೂರು ಸಹಿ:
'೩೦೪ರಲ್ಲಿ ಏನೋ ಸತ್ತು ನಾರುತ್ತಿದೆ.'
ಮನಾಮಾದ ಈ ಹಾಸ್ಟೆಲಿನ ರಾತ್ರಿ ಪಾಳಿ ನನ್ನದು.
ಇಲಿಯೋ, ಎ.ಸಿ. ಕೊಳವೆಗೆ ಸಿಕ್ಕ ಪಾರಿವಾಳವೋ,
ಬೀಗದ ಕೈ ಗೊಂಚಲು ಹಿಡಿದು ಹತ್ತಿದೆ.

ಮೂರನೇ ಮಹಡಿಯ ತಿರುವಿನಲ್ಲೇ
ಮೂಗು ನನ್ನನ್ನು ಬಿಟ್ಟು ಮುಂದೆ ಓಡಿತು.

ಬಾಗಿಲು ತೆರೆದವಳು ದಿಯೆಪ್.
ಬರೆಯುವುದು ಹಾಗೆ, ಅನ್ನುವುದು ಯಿಯೆಪ್;
ಎಲೆ ಅಂತ ಅರ್ಥ. ಹಾಜರಿ ಕೂಗುವವರು
'ಡೀಪ್' ಅಂದರೂ ಎದ್ದು ನಿಲ್ಲುತ್ತಾಳೆ.
ಒಳಗೆ ಖ್ವೆ ಮಂಡಿಯೂರಿ
ಸೀಸೆಯ ಚೂರು ಆಯುತ್ತಿದ್ದಳು.
ಪಕ್ಕದಲ್ಲಿ ದಪ್ಪ ಬಿಸಿನೆಸ್ ಪುಸ್ತಕ,
ಏಳನೇ ಅಧ್ಯಾಯ ಪೂರ್ತಿ ತೊಯ್ದಿತ್ತು:
'ಸರಬರಾಜು ಸರಪಳಿ'.

"ಸಾರಿ ಮೇಡಂ. ಅಮ್ಮ ಇಳಿಸಿದ ಮೀನಿನ ರಸ."

ರಾಚ್ ಯಾ ಬಂದರಿನಿಂದ ಸೈಗಾನ್, ಅಲ್ಲಿಂದ ದೋಹಾ, ಇಲ್ಲಿಗೆ,
ಹನ್ನೊಂದು ಸುತ್ತು ಪ್ಲಾಸ್ಟಿಕ್ಕು, ಮೇಲೆ ಅಪ್ಪನ ಹಳೇ ಸ್ವೆಟರು.
ಅಷ್ಟು ದೂರ ಒಡೆಯದೆ ಬಂದದ್ದು
ಕಪಾಟಿನಿಂದ ಮೇಜಿಗೆ ಬರುವಾಗ ಕೈ ತಪ್ಪಿತ್ತು.

ಐದು ದಿನಾರು ದಂಡ, ಅಂದೆ.
ಖ್ವೆಯ ತುಟಿ ಅಲುಗಿತು. ದೊಂಗ್‌ನಲ್ಲಿ ಮೂರು ಲಕ್ಷ ಮೀರುತ್ತದೆ;
ಆಮೇಲೆ ಅದನ್ನು ಕಿಲೋ ಲೆಕ್ಕಕ್ಕೆ ತಿರುಗಿಸಿದಳು,
ಅಮ್ಮ ಸುಲಿಯುವ ಸಿಗಡಿಯ ಲೆಕ್ಕಕ್ಕೆ.
ರಸೀದಿ ಪುಸ್ತಕ ನನ್ನ ಕಂಕುಳಲ್ಲೇ ಇತ್ತು.

ಈ ಹುಡುಗಿಯರು ನನಗೆ ಗೊತ್ತು.
ರಾತ್ರಿ ಎರಡಕ್ಕೆ ಬಟ್ಟೆ ಒಗೆಯುವ ಕೋಣೆಯಲ್ಲಿ
ಯಂತ್ರ ತಿರುಗುವ ಸದ್ದಿನ ಮರೆಯಲ್ಲಿ
'ಗುಡ್ ಮಾರ್ನಿಂಗ್ ಇನ್ವೆಸ್ಟರ್ಸ್' ಇಪ್ಪತ್ತು ಸಲ.
ಇಬ್ಬರಿಗೂ ಸೇರಿ ಒಂದೇ ಕಪ್ಪು ಕೋಟು;
ಒಬ್ಬಳು ಮಂಡಿಸಿ ಹೊರಬರುವ ತನಕ
ಇನ್ನೊಬ್ಬಳು ಬಾಗಿಲ ಬಳಿ ನಡುಗುತ್ತ ನಿಲ್ಲುತ್ತಾಳೆ.
ಗುಂಪಿನ ಕೆಲಸವೆಂದರೆ ಉಳಿದ ನಾಲ್ವರ ಮಾತು, ಖ್ವೆಯ ಲೆಕ್ಕ.
ಅಂಕ ಬಂದಾಗ ಅವಳಿಗೇ ಕಡಿಮೆ:
'ತರಗತಿಯಲ್ಲಿ ಬಾಯಿ ಬಿಡುವುದಿಲ್ಲ.'
ಮೇಷ್ಟ್ರ ಮಾತು ಮುಗಿಯಲಿ ಎಂದು ಕಾಯುವುದು
ಅವಳ ಊರಿನ ಮರ್ಯಾದೆ.
ಇಲ್ಲಿ ಆ ಮಾತು ಮುಗಿಯುವುದೇ ಇಲ್ಲ.

ನಾನು ಮಲ್ಪೆಯವಳು.
ಒಣಮೀನಿನ ಬುಟ್ಟಿ ಹೊತ್ತು ಅಪ್ಪೆ ಬಸ್ಸು ಹತ್ತಿದರೆ
ಮುಂದಿನ ಸೀಟುಗಳಲ್ಲಿ ಸೆರಗು ಮೂಗಿಗೇರುತ್ತಿತ್ತು.
ಕಂಡಕ್ಟರಿಗೆ ಮಾತ್ರ
ಅವಳ ಚಿಲ್ಲರೆ ಯಾವತ್ತೂ ನಾರಲಿಲ್ಲ.

ಶುಕ್ರವಾರ ಇಬ್ಬರನ್ನೂ ಮುಹರ್ರಕ್‌ಗೆ ಕರೆದೊಯ್ದೆ.
ಗಲ್ಲಿಯ ಮೂಲೆಯಲ್ಲಿ ಉಮ್ ಜಾಸಿಮ್, ಕಾದ ಹೆಂಚಿಗೆ
ಅಂಗೈಯಲ್ಲೇ ಹಿಟ್ಟು ಸವರಿ
ನೀರುದೋಸೆಗಿಂತ ತೆಳು ರೊಟ್ಟಿ ಎಬ್ಬಿಸುತ್ತಾಳೆ.
ಮೇಲೆ ಹಳೇ ಶರಬತ್ತಿನ ಸೀಸೆಯಿಂದ ಕಂದು ರಸ, ಮಹ್ಯಾವ:
ಸಣ್ಣ ಮೀನು, ಉಪ್ಪು, ಸಾಸಿವೆ, ಸೋಂಪು,
ತಾರಸಿಯ ಮೇಲೆ ವಾರಗಟ್ಟಲೆ ಬಿಸಿಲು.

ದಿಯೆಪ್ ಕಚ್ಚಿದಳು, ಅಗಿಯಲಿಲ್ಲ.
ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.
ಖ್ವೆ ಬಾಯಿ ಬಿಟ್ಟಳು. ಬಿಟ್ಟವಳು ನಿಲ್ಲಿಸಲೇ ಇಲ್ಲ.
ದಿನಕ್ಕೆಷ್ಟು ಸೀಸೆ? ಮೀನು ಯಾವ ದೋಣಿಯದು?
ಮುಚ್ಚಳಕ್ಕೆಷ್ಟು? ಸಾಲ ಕೊಡುತ್ತೀರಾ? ಬರೆದಿಡುತ್ತೀರಾ?
ನನ್ನ ಮುರುಕು ಅರಬ್ಬಿ ಏದುಸಿರು ಬಿಡುತ್ತ ಹಿಂದೆ ಬಂತು.
ಮುದುಕಿ ಹಣೆ ತಟ್ಟಿ ತೋರಿಸಿದಳು, ಪುಸ್ತಕ ಇಲ್ಲಿದೆ.
ಮತ್ತೆ ಲಾಭ?
"ನನ್ನ ಮೊಮ್ಮಗನೂ ನಿಮ್ಮ ಕಾಲೇಜೇ.
ಗೆಳೆಯರನ್ನು ಮನೆಗೆ ಕರೆತರುವ ಮೊದಲು
ಸೀಸೆಗಳನ್ನೆಲ್ಲ ಒಳಗಿಡಿಸುತ್ತಾನೆ."

ಕಪ್ಪು ಕೋಟು ತೊಟ್ಟು ಖ್ವೆ ಇದನ್ನೇ ಮಂಡಿಸಿದಳಂತೆ,
ಆ ಕಡಲು, ಈ ಕಡಲು, ನಡುವೆ ಒಂದು ಸೀಸೆ.
ಬಿ ಮೈನಸ್. ಕೆಂಪು ಶಾಯಿಯ ಷರಾ:
'ಮಾರುಕಟ್ಟೆ ಇದೆ ಎನ್ನಲು ಆಧಾರ ಸಾಲದು.'

ಏಳನೇ ಅಧ್ಯಾಯ ಈಗಲೂ ಕಿಟಕಿಯ ಹಗ್ಗದಲ್ಲಿದೆ,
ಹಾಳೆ ಹಾಳೆಯಾಗಿ, ಕ್ಲಿಪ್ಪು ಹಾಕಿಸಿಕೊಂಡು.
ಬಿಸಿಗಾಳಿ ಬೀಸಿದಾಗೆಲ್ಲ ಕೆಳಗೆ ನನ್ನ ಮೇಜಿನ ತನಕ
ಮಲ್ಪೆ ಬರುತ್ತದೆ.

ದೂರು ಪುಸ್ತಕದಲ್ಲಿ ಆ ದಿನದ ಎದುರು ಬರೆದೆ:
'೩೦೪. ಪರಿಶೀಲಿಸಲಾಯಿತು.
ಸತ್ತದ್ದೇನೂ ಸಿಗಲಿಲ್ಲ.'