ಹನ್ನೆರಡು ಕುಣಿಕೆ

ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು
ಒಳಗೆನ್ನೆಯ ಬಿಳಿ ಮಚ್ಚೆ ತೋರಿಸಿದ ದಿನ
ತಂಬಾಕಿನ ಡಬ್ಬಿಯನ್ನು ವಾಲಧುನಿ ನಾಲೆಗೆ ಎಸೆದೆ.
ಡಬ್ಬಿ ಹೋಯಿತು. ಹೆಬ್ಬೆರಳಿಗೆ ತಿಳಿಯಲಿಲ್ಲ,
ಬರಿ ಅಂಗೈಯನ್ನೇ ತಿಕ್ಕುತ್ತ ಕೂರುತ್ತಿತ್ತು
ಸುಣ್ಣವಿಲ್ಲದೆ, ಎಲೆಯಿಲ್ಲದೆ,
ಅಂಬರನಾಥದಿಂದ ವೀಟಿಯ ತನಕ.

ಅದನ್ನು ಕಂಡವಳು ಕೆಳಮನೆಯ ಭಗವಂತಿಬಾಯಿ.
ಸೈಕಲ್ ಚಕ್ರದ ಎರಡು ಕಡ್ಡಿ ತಂದು
ಮೆಟ್ಟಿಲ ಕಲ್ಲಿಗೆ ತುದಿ ಮಸೆದು
ಕೈಗಿಟ್ಟಳು: ಹಿಡಿ. ಸೀದಾ ಎರಡು, ಉಲ್ಟಾ ಎರಡು.
ಬೆರಳಿಗೆ ಚಟ ಎಲ್ಲಿಂದ ಬಂತು ಮಗನೇ,
ಅದಕ್ಕೆ ಬೇಕಾದ್ದು ಕೆಲಸ.

ಮೊದಲ ವಾರ ಹೆಣೆದದ್ದು ಏನೆಂದು ನನಗೂ ಗೊತ್ತಿಲ್ಲ.
ಹೆಂಡತಿ ಅದರಲ್ಲಿ ಬಿಸಿ ಪಾತ್ರೆ ಇಳಿಸಿದಳು.
‘ಈ ಊರಾಗ ಥಂಡಿ ಎಲ್ಲೈತ್ರಿ,’ ಅಂದಳು,
‘ಉಣ್ಣಿ ಹಾಕ್ಕೊಂಡು ಬೆವರಾಕ ಯಾರು ಬರ್ತಾರ?’
ನಿಜ. ಜನವರಿಯಲ್ಲೂ ಫ್ಯಾನು ತಿರುಗುವ ಊರು.
ಹಾಗೆಂದೇ ನನ್ನವೆಲ್ಲ ಚಿಕ್ಕವು,
ಒಂದು ಪ್ರಯಾಣದಲ್ಲಿ ಮುಗಿಯುವಂಥವು:
ಕೀಲಿಕೈಗೊಂದು ಚೀಲ, ಚಾಳೀಸಿಗೊಂದು ಅಂಗಿ,
ಎಣ್ಣೆ ಇಳಿಯದಂತೆ ಉಪ್ಪಿನಕಾಯಿ ಬಾಟಲಿಗೆ ಕೊರಳಪಟ್ಟಿ.
ಉಲ್ಹಾಸನಗರದಲ್ಲಿ ತೂಕಕ್ಕೆ ಸಿಗುವ ತುಂಡು ಉಣ್ಣೆ,
ಯಾರದೋ ಸ್ವೆಟರಿನ ತೋಳಿಗೆ ಸಾಲದೆ ಉಳಿದದ್ದು.
ಕಲ್ಯಾಣದಲ್ಲಿ ಕುಣಿಕೆ ಹಾಕಿದರೆ
ಠಾಣೆಗೆ ಮೈ, ದಾದರಿಗೆ ಬಾಯಿ ಮುಚ್ಚಬೇಕು.

ಎದುರಿಗೆ, ತೊಡೆಗಳ ಮೇಲೆ ಬ್ರೀಫ್‌ಕೇಸು ಮಲಗಿಸಿ
ಇಸ್ಪೀಟಾಡುವ ನಾಲ್ವರು.
ಅವರು ನನಗಿಟ್ಟ ಹೆಸರು ವಹಿನಿ.
‘ಸರೀರಪ್ಪ, ವಹಿನಿಗೆ ಕಿಟಕಿ ಬಿಡಿ.’
ನಗುತ್ತಿದ್ದರು. ಕಿಟಕಿಯನ್ನೂ ಬಿಡುತ್ತಿದ್ದರು.
ಡಬ್ಬಿಯ ದೀಪ ಕೆಟ್ಟ ದಿನ, ಪಾರ್ಸಿಕ್ ಸುರಂಗದಲ್ಲಿ
ಆಟ ನಿಲ್ಲುತ್ತಿತ್ತು,
ಕತ್ತಲಲ್ಲಿ ನನ್ನ ಕಡ್ಡಿಗಳ ಸದ್ದೊಂದೇ.
ಆಗ ಯಾರೂ ನಗುತ್ತಿರಲಿಲ್ಲ.

ಒಂದು ಸೋಮವಾರ ಘರತ್ ಎದ್ದು ಬಂದು ಪಕ್ಕಕ್ಕೆ ಕೂತ,
ಎಲ್ಲರಿಗಿಂತ ಜೋರಾಗಿ ನಗುವವನು.
ಎಡಗೈಯನ್ನು ಜೇಬಿನಿಂದ ತೆಗೆದ.
ಇಷ್ಟು ವರ್ಷ ಆ ಕೈಯಲ್ಲಿ ಎಲೆಗಳನ್ನು ನೋಡಿದ್ದೆ,
ಬೆರಳನ್ನು ನೋಡಿರಲಿಲ್ಲ:
ತೋರುಬೆರಳು ಎರಡನೇ ಗೆಣ್ಣಿಗೇ ನಿಂತಿತ್ತು.
‘ಹಳೇ ಪ್ರೆಸ್ಸು,’ ಅಂದ. ‘ಈಗ ಎಸಿ ಆಫೀಸು.
ಹನ್ನೊಂದಕ್ಕೆ ಶುರುವಾಗುತ್ತೆ. ಇಲ್ಲದ ತುದಿ ಸೆಡೆಯುತ್ತೆ.’
ಆಮೇಲೆ, ಬಾಗಿಲ ಕಡೆ ನೋಡುತ್ತ:
‘ಇದಕ್ಕೊಂದು… ಟೊಪ್ಪಿಗೆ?’

ಚಳಿಯಿಲ್ಲದ ಊರೆಂದು ಎಷ್ಟು ಜನಕ್ಕೆ ಹೇಳಿದ್ದೆ.
ಇತ್ತು ಅದು,
ಹದಿನಾಲ್ಕನೇ ಮಹಡಿಯಲ್ಲಿ
ಒಂದು ಗೆಣ್ಣಿನಷ್ಟು ಜಾಗದಲ್ಲಿ.

ಬಣ್ಣ ಯಾವುದು, ಎಂದೆ.
‘ಇಸ್ಪೀಟಿನಲ್ಲಿರೋದೇ ಎರಡು. ಕೆಂಪು ಬೇಡ.’
ಕಪ್ಪು ನನ್ನಲ್ಲಿರಲಿಲ್ಲ. ಚೀಲದ ತಳದಲ್ಲಿ
ಬೆಲ್ಲದ ಬಣ್ಣದ್ದು ನಾಲ್ಕು ಮಾರು ಸಿಕ್ಕಿತು.
ಎಳೆಯನ್ನು ಬೆರಳಿಗೇ ಸುತ್ತಿ ಅಳತೆ ತೆಗೆದೆ,
ಕಂಪೌಂಡರನ ಮುಂದೆ ಮಗು ಚಾಚಿದ ಹಾಗೆ
ಅವನ ಕೈ ನನ್ನ ತೊಡೆಯ ಮೇಲೆ.
ಬಿಗಿಯಾ? ಬಿಗಿ. ಈಗ? ಹ್ಞೂಂ.
ಹನ್ನೆರಡು ಕುಣಿಕೆ.

ಡೊಂಬಿವಲಿ ದಾಟಿತು. ಗುಡ್ಡ ನಮ್ಮನ್ನು ನುಂಗಿತು.
ಕತ್ತಲಲ್ಲಿ ಎಣಿಸಿದರೆ ಹನ್ನೊಂದು.
ಮತ್ತೆ ಎಣಿಸಿದೆ, ಹನ್ನೊಂದು.
ಜಾರಿದ್ದನ್ನು ಹುಡುಕುವಾಗ ಉಗುರಿಗೆ ತಾಕಿದ್ದು ಉಣ್ಣೆಯಲ್ಲ,
ಆ ನುಣುಪು ತುದಿ.
ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಘಾಟ್ಕೋಪರಿನಲ್ಲಿ ಅಂಚು ಹೊಲಿದು ಕೊಟ್ಟೆ.
ತೊಟ್ಟ, ಎರಡು ಸಲ ಮಡಚಿ ಬಿಚ್ಚಿ ನೋಡಿದ,
ತೆಗೆದು ಪಾಸಿನ ಕವರಿನಲ್ಲಿಟ್ಟ.
ಒಂದು ಮಾತೂ ಇಲ್ಲ.

ಮರುದಿನ ಅದೇ ಬ್ರೀಫ್‌ಕೇಸು, ಅದೇ ದನಿ:
‘ವಹಿನಿ, ಇವತ್ತೇನು ಅಡುಗೆ?’
ನಾಲ್ವರೂ ನಕ್ಕರು. ನಾನೂ ನಕ್ಕೆ.
ಕಟ್ಟು ಹಿಡಿದ ಎಡಗೈಯಲ್ಲಿ ಬೆಲ್ಲದ ಬಣ್ಣ ಒಂದು ಚೂರು,
ಬುಡದ ಹತ್ತಿರ
ಹನ್ನೆರಡನೆಯದು ಇರಬೇಕಾದಲ್ಲಿ
ಒಂದು ತೂತು.